ತೂಬಿಗೆ ಇಟ್ಟ ಗುಂಡುಕಲ್ಲು

ನನ್ನ ವಾರಗಿತ್ತಿಯ ಮನೆಗೆ ಮಳೆನೀರು ನುಗ್ಗುವುದು ಯಾಕೆ ಎಂದು ಕಂಡುಹಿಡಿಯಲು ನನ್ನ ಮೊಮ್ಮಗಳು ಎರಡು ತಿಂಗಳು ಬೀದಿ ಅಳೆದಳು. ಯಾಕೆ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಹೇಳಲಿಲ್ಲ. ಅಷ್ಟೇ ಅಲ್ಲ, ಅವಳ ಅಳತೆಕೋಲು ಹಿಡಿದುಕೊಂಡು ಬಿಸಿಲಲ್ಲಿ ನಿಂತವಳೂ ನಾನೇ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅದೂ ಕೊಣನೂರಿನ ಹತ್ತಿರ ನನ್ನ ತವರಿನಲ್ಲಿ, ಮೇಷ್ಟರು ಬಂದ ದಿನಗಳಲ್ಲಿ ಮಾತ್ರ. ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದ ಮೇಲೆ ಸಹಿ ಬಿಟ್ಟು ಬೇರೇನೂ ಬರೆದವಳಲ್ಲ. ಮತ್ತೆ ಕೈಗೆ ಪೆನ್ನು ಹಿಡಿಸಿದ್ದು ಈ ಮಳೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಚೆಂದ ಮಾಡಲು ನನಗೆ ಬರುವುದಿಲ್ಲ.

ನಮ್ಮ ಬೀದಿ ಮೇಲಿನ ಪೇಟೆಯಿಂದ ಹೊಳೆಯ ಕಡೆಗೆ ಇಳಿಯುತ್ತದೆ. ನಮ್ಮ ಮನೆಯ ಮುಂದೆ ಬೀದಿ, ಹಿಂದೆ ಹಿತ್ತಲು, ಹಿತ್ತಲಿನ ಗೋಡೆಯಾಚೆ ವಾರಗಿತ್ತಿಯ ಮನೆ. ಅವಳ ಬಾಗಿಲು ಇರುವುದು ಕೆಳಗಿನ ಓಣಿಗೆ. ಒಂದು ಕಾಲಕ್ಕೆ ಇದೆಲ್ಲ ಒಂದೇ ಮನೆ. ನನ್ನ ಗಂಡ ಅಣ್ಣ, ಅವಳ ಗಂಡ ತಮ್ಮ. ಈಗ ಇಬ್ಬರೂ ಇಲ್ಲ, ನಾವಿಬ್ಬರೂ ಇದ್ದೇವೆ.

ಪಾಲು ಮಾಡಲು ಬಂದ ಹಿರಿಯರಿಗೆ ಎಲ್ಲವನ್ನೂ ಸಮ ಮಾಡುವ ಹಟ. ಹಂಡೆ ನಮಗೆ, ಕೊಪ್ಪರಿಗೆ ಅವರಿಗೆ. ರುಬ್ಬುವ ಕಲ್ಲಿನ ಸರದಿ ಬಂದಾಗ ಒರಳು ಅವರಿಗೆ, ಗುಂಡು ನಮಗೆ ಎಂದು ತೀರ್ಮಾನ ಕೊಟ್ಟು ಕಾಫಿ ಕುಡಿದು ಎದ್ದು ಹೋದರು. ಅವರಲ್ಲಿ ಒಬ್ಬರೂ ಜೀವಮಾನದಲ್ಲಿ ಒಂದು ಹಿಡಿ ಉದ್ದು ರುಬ್ಬಿದವರಲ್ಲ. ಅಲ್ಲಿಂದ ಮುಂದೆ ನಾನು ರುಬ್ಬಬೇಕಾದರೆ ಗುಂಡನ್ನು ಸೊಂಟದ ಮೇಲೆ ಹೊತ್ತು ಅವಳ ಹಿತ್ತಲಿಗೆ ಹೋಗಬೇಕು. ಅವಳು ರುಬ್ಬಬೇಕಾದರೂ ನಾನೇ ಹೊತ್ತುಕೊಂಡು ಹೋಗಬೇಕು, ಯಾಕೆಂದರೆ ಅವಳ ಒರಳು ನೆಲದಲ್ಲಿ ಹೂತದ್ದು.

ಪಾಲಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಮಳೆಗಾಲುವೆ. ಬೀದಿಯ ನೀರು ನಮ್ಮ ಕಾಂಪೌಂಡಿನ ಕೆಳಗಿದ್ದ ಕಲ್ಲಿನ ತೂಬಿನಿಂದ ಒಳಗೆ ಬಂದು, ಮನೆಯ ಪಕ್ಕದ ಸಂದಿಯಲ್ಲಿ ಹರಿದು, ಹಿತ್ತಲು ದಾಟಿ, ಹಿಂದಿನ ಗೋಡೆಯ ಇನ್ನೊಂದು ತೂಬಿನಿಂದ ವಾರಗಿತ್ತಿಯ ಹಿತ್ತಲಿಗೆ ಹೋಗುತ್ತಿತ್ತು. ಅಲ್ಲಿಂದ ಓಣಿಯ ಮೋರಿ, ತೆಂಗಿನ ತೋಟ, ಕೊನೆಗೆ ಹೇಮಾವತಿ. ಮೊಣಕೈ ಆಳದ ಕಾಲುವೆ, ಮೇಲೆ ಚಪ್ಪಡಿ. ಯಾರು ಕಟ್ಟಿಸಿದರೋ ನನಗೆ ಗೊತ್ತಿಲ್ಲ.

ಪಾಲಾದ ಕೆಲವು ವರ್ಷಕ್ಕೆ ಆ ಕಾಲುವೆ ನಮ್ಮ ಹಿತ್ತಲಲ್ಲಿ ಕಟ್ಟಿಕೊಳ್ಳತೊಡಗಿತು. ನೀರು ಮುಂದಕ್ಕೆ ಹೋಗದು. ಬೀದಿಯ ಕೊಚ್ಚೆಯೆಲ್ಲ ನಮ್ಮ ಬಚ್ಚಲಿನ ಬಾಗಿಲಲ್ಲಿ. ಒಂದು ದಿನ ನೀರೊಲೆಯ ಪಕ್ಕ ಹಾವು ಸುತ್ತಿಕೊಂಡಿತ್ತು. ಮೈದುನನಿಗೆ ಗೋಡೆಯ ಮೇಲಿಂದಲೇ ಹೇಳಿದೆ, ನಿನ್ನ ಕಡೆ ಹೂಳು ತುಂಬಿದೆ, ತೆಗೆಸು ಎಂದು. "ತೆಗುಸ್ತೀನಿ ಅತ್ತಿಗೆ" ಅಂದ. ಮೂರು ಮಳೆಗಾಲ ಹಾಗೇ ಅಂದ.

ನಾಲ್ಕನೆಯದಕ್ಕೆ ನಾನು ಕಾಯಲಿಲ್ಲ. ಗಂಡ ಅರಕಲಗೂಡಿಗೆ ಯಾವುದೋ ತಿಥಿಗೆ ಹೋಗಿದ್ದ ದಿನ ಗುಂಡುಕಲ್ಲನ್ನು ತಂದು ಬೀದಿ ಕಡೆಯ ತೂಬಿನ ಬಾಯಿಗೆ ತುರುಕಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಸುತ್ತ ಗೋಣಿಚೀಲ, ಅದರ ಮೇಲೆ ಸಿಮೆಂಟು. ಮಾರನೆಯ ವಾರ ಒಂದು ಬಟ್ಟೆ ಒಗೆಯುವ ಕಲ್ಲು ತರಿಸಿ ಅಲ್ಲೇ ಹಾಕಿಸಿದೆ. ಗುಂಡು ಎಲ್ಲಿ ಎಂದು ಕೇಳಿದವರಿಗೆ ಕಳುವಾಯಿತು ಎಂದೆ. ಅಷ್ಟರಲ್ಲಿ ಎರಡೂ ಮನೆಗೆ ಮಿಕ್ಸಿ ಬಂದಿತ್ತು. ಗುಂಡಿಗಾಗಿ ಅತ್ತವರು ಯಾರೂ ಇಲ್ಲ.

ನಮ್ಮ ಹಿತ್ತಲು ಒಣಗಿತು. ನೀರು ಒಣಗಲಿಲ್ಲ. ಅದು ಬೀದಿಯಲ್ಲೇ ಮುಂದೆ ಹೋಗಿ, ತಿರುವಿನಲ್ಲಿ ಸುತ್ತಿಕೊಂಡು, ಕೆಳಗಿನ ಓಣಿಗೆ ಇಳಿಯಿತು. ಮೊದಮೊದಲು ಓಣಿ ಮಣ್ಣಿನದಾಗಿದ್ದರಿಂದ ಅಷ್ಟು ಗೊತ್ತಾಗಲಿಲ್ಲ. ನೆಲವೇ ಸುಮಾರು ಕುಡಿದುಬಿಡುತ್ತಿತ್ತು. ಆಮೇಲೆ ಓಣಿಗೆ ಡಾಂಬರು ಬಿತ್ತು, ಡಾಂಬರಿನ ಮೇಲೆ ಕಾಂಕ್ರೀಟ್ ಬಿತ್ತು. ರಸ್ತೆ ಮೇಲೆದ್ದಿತು, ವಾರಗಿತ್ತಿಯ ಹೊಸ್ತಿಲು ಕೆಳಗುಳಿಯಿತು. ಅವಳದು ಇನ್ನೂ ಹಳೆಯ ಮಣ್ಣಿನ ಗೋಡೆ. ಹೋದ ವರ್ಷದ ಮಳೆಗೆ ಓಣಿ ಕಡೆಯ ಗೋಡೆ ಹೊಟ್ಟೆ ಬಿಟ್ಟಿತು. ಇನ್ನೆರಡು ಸಲ ನೀರು ನಿಂತರೆ ಅದು ಕೂರುತ್ತದೆ ಎಂದು ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಮತ್ತು ಅವಳು ಮಲಗುವ ಮಂಚ ಇರುವುದು ಆ ಗೋಡೆಗೆ ಒತ್ತಿಕೊಂಡೇ. ಚನ್ನರಾಯಪಟ್ಟಣದಲ್ಲಿರುವ ಮಗಳು ದಿನಾ ಫೋನು ಮಾಡಿ ಬಂದುಬಿಡು ಎನ್ನುತ್ತಿದ್ದಳು. ಇವಳು ಕದಲಲಿಲ್ಲ.

"ಮಂಚನಾರ ಆ ಕಡೀಕ್ ಎಳ್ಕೊಳೆ" ಎಂದು ನಾನು ಅಂದೆ.

"ಆ ಕಡೆ ಸೆಕೆ ಅಕ್ಕ" ಅಂದಳು.

ಇಂಥ ಹೊತ್ತಿನಲ್ಲಿ ಮೊಮ್ಮಗಳು ಬಂದು, "ಅಜ್ಜಿ, ನನ್ನ ಪ್ರಾಜೆಕ್ಟಿಗೆ ನಮ್ಮ ಬೀದೀನೇ ತಗೊಂಡಿದೀನಿ" ಎಂದಳು. ನನ್ನ ಮಗನ ಮಗಳು. ದಿನಾ ರೈಲಿನಲ್ಲಿ ಹಾಸನಕ್ಕೆ ಹೋಗಿ ಎಂಜಿನಿಯರಿಂಗ್ ಓದುತ್ತಾಳೆ, ಕೊನೆಯ ವರ್ಷ. ಮಳೆ ಬಿದ್ದರೆ ಎಷ್ಟನ್ನು ನೆಲ ಕುಡಿಯುತ್ತದೆ, ಎಷ್ಟು ಹರಿದು ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ಕಂಪ್ಯೂಟರಿನಲ್ಲಿ ಬೀದಿಯ ಹಾಗೇ ಒಂದು ಬೀದಿ ಮಾಡಿ ನೋಡುವುದಂತೆ. ಅದಕ್ಕೆ ಮಾಡೆಲ್ ಎನ್ನುತ್ತಾರಂತೆ. ಅದರಲ್ಲಿ ಸುಳ್ಳು ಮಳೆ ಸುರಿಸಿದರೆ ನಿಜವಾದ ನೀರು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುತ್ತದಂತೆ.

"ಊರಿನ ಎಂಜಿನಿಯರ್ ಸಾರೂ ಕೇಳಿದಾರೆ ಅಜ್ಜಿ. ನಮ್ಮ ನಕ್ಷೆ ಚೆನ್ನಾಗಿದ್ರೆ ಹೊಸ ಚರಂಡಿ ಎಲ್ಲಿ ಬೇಕು ಅಂತ ಅದ್ರಲ್ಲೇ ನೋಡ್ತಾರಂತೆ. ಚಿಕ್ಕಜ್ಜಿ ಮನೆ ಉಳ್ಕೊಳ್ಳುತ್ತೆ."

ಆಗಲೇ ಹೇಳಬಹುದಿತ್ತು. ಹುರುಳಿಕಾಳು ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ.

ಅವಳು ತಾರಸಿಯ ಮೇಲೆ ಒಂದು ಗೆರೆ ಹಾಕಿದ ಪ್ಲಾಸ್ಟಿಕ್ ಕೊಳವೆ ನಿಲ್ಲಿಸಿದಳು. ಮಳೆ ಅಳೆಯುವುದಕ್ಕೆ. ಬೆಳಗ್ಗೆ ಎಂಟೂವರೆಗೆ ನೋಡಿ ಬರೆಯಬೇಕು, ಆ ಹೊತ್ತಿಗೆ ತಾನು ರೈಲಿನಲ್ಲಿ ಇರುತ್ತೇನೆ, ನೀನೇ ಬರಿ ಎಂದು ಒಂದು ನೋಟ್‌ಬುಕ್ಕು ನನ್ನ ಕೈಗೆ ಕೊಟ್ಟಳು. ಅವಳೇ ಸ್ಕೇಲು ಇಟ್ಟು ಮೂರು ಕಾಲಮ್ಮು ಹಾಕಿದ್ದಳು: ದಿನ, ಮಿಲಿಮೀಟರ್, ಷರಾ.

"ಷರಾ ಅಂದ್ರೆ ಏನ್ ಬರೀಲಿ?"

"ನಿನಗೆ ಏನ್ ಕಾಣ್ಸುತ್ತೋ ಅದು. ನೀರು ಎಲ್ಲಿ ನಿಂತಿತ್ತು, ಎಷ್ಟೊತ್ತು ನಿಂತಿತ್ತು. ಏನ್ ಬೇಕಾದ್ರೂ."

ಮಳೆಯ ಹೆಸರನ್ನೂ ಬರೆಯಲಾ ಎಂದು ಕೇಳಿದೆ. ಬರಿ ಎಂದಳು. ಹಾಗೆ ಶಿವರಾತ್ರಿ ಕಳೆದ ಮೇಲೆ ಶುರುವಾಯಿತು, ಮೊದಲು ಬರೆದ ಹೆಸರು ಅಶ್ವಿನಿ ಮಳೆ. ಅಕ್ಷರಗಳು ಮೊದಲು ಕೋಳಿ ಕೆದರಿದ ಹಾಗೆ ಬಂದವು. ಮಳೆಯಿಲ್ಲದ ದಿನ ಸೊನ್ನೆ ಬರೆಯಬೇಕು ಎಂದು ಅವಳು ಹಟ ಹಿಡಿದಳು. ಇಲ್ಲದ್ದನ್ನು ಯಾಕೆ ಬರೆಯಬೇಕು ಎಂದರೆ, ಬರೆಯದಿದ್ದರೆ ನೀನು ನೋಡಲಿಲ್ಲ ಎಂದಾಗುತ್ತದೆ ಎಂದಳು. ಆ ಮಾತು ನನಗೆ ಚುಚ್ಚಿತು. ಅವಳಿಗೆ ಚುಚ್ಚುವ ಉದ್ದೇಶ ಇರಲಿಲ್ಲ.

ಭಾನುವಾರ ಬಂದರೆ ಅಳತೆ. ಕಾಲೇಜಿನಿಂದ ಮೂರು ಕಾಲಿನ ದುರ್ಬೀನು ತರುತ್ತಿದ್ದಳು. ಅವಳು ಒಂದು ಕಣ್ಣು ಮುಚ್ಚಿ ಅದರಲ್ಲಿ ನೋಡಬೇಕು, ನಾನು ದೂರದಲ್ಲಿ ಕೆಂಪು ಬಿಳಿ ಬಣ್ಣದ ಕೋಲು ಹಿಡಿದು ನಿಲ್ಲಬೇಕು.

"ಅಜ್ಜಿ, ಕೋಲು ನೆಟ್ಟಗೆ ಹಿಡ್ಕೋ. ವಾಲ್ತಾ ಇದೆ."

"ನಾನೇ ವಾಲ್ತಾ ಇವ್ನಿ ಕಣಮ್ಮಿ. ಕೋಲೇನ್ ಮಾಡ್ತದೆ."

ಆಮೇಲೆ ಮನೆಮನೆಗೆ ಹೋಗಿ ಹೋದ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವುದು. ಜನ ಬಾಯಿಗೆ ಬಂದದ್ದು ಹೇಳಿದರು. ಪರಿಹಾರ ಸಿಗಬಹುದು ಎಂದುಕೊಂಡವರು ಸೊಂಟದ ತನಕ ಕೈ ತೋರಿಸಿದರು. ಮನೆ ಬಾಡಿಗೆಗೆ ಇಟ್ಟವರಿಗೆ ಪಾದವೂ ನೆನೆದಿರಲಿಲ್ಲ. ಎದುರು ಮನೆಯವಳು ಬಾಗಿಲಿಗೆ ಬಂದು, "ನಮ್ಮನೆಗೆ ಒಂದ್ ತೊಟ್ಟೂ ಬಂದಿಲ್ಲ ಕಣವ್ವ, ಅಂಗೇ ಬರ್ಕೋ" ಎಂದಳು.

ನನಗೆ ತಡೆಯಲಾಗಲಿಲ್ಲ. "ಓದ್ವರ್ಸ ನಿನ್ ಅಕ್ಕಿ ಮೂಟೆ ಬೀದೀಲಿ ಒಣಗಾಕಿದ್ದಲ್ಲೇ. ಅದ್ಕೇನು ಅಬ್ಬದ್ ಸ್ನಾನ ಮಾಡ್ಸಿದ್ಯಾ?"

"ನಿಮ್ಮನೆಗೆ ಬಂದಿತ್ತಾ, ಅದ್ನೇಳು ಮೊದ್ಲು" ಎಂದಳು ಅವಳು.

"ಬಂದಿರ್ಲಿಲ್ಲ."

ಅದು ನಿಜ. ಮೊಮ್ಮಗಳು ಬರೆದುಕೊಂಡಳು. ಬರೆದುಕೊಂಡು ನಮ್ಮ ಕಾಂಪೌಂಡಿನ ಬುಡ ನೋಡಿದಳು. ಮಣ್ಣಿನಲ್ಲಿ ಅರ್ಧ ಮುಳುಗಿದ ತೂಬಿನ ಮೇಲಿನ ಕಲ್ಲು ಅವಳಿಗೆ ಕಂಡುಬಿಟ್ಟಿತು.

"ಅಜ್ಜಿ, ಇದು ಅಪ್ಪ ಹೇಳ್ತಿದ್ದ ಹಳೇ ಕಾಲುವೆ ಅಲ್ವಾ? ಈಗ್ಲೂ ನೀರು ಹೋಗುತ್ತಾ?"

"ಓಯ್ತದೆ" ಎಂದೆ.

ಯಾಕೆ ಹಾಗೆಂದೆ ಎಂದು ಇವತ್ತಿಗೂ ನನ್ನನ್ನು ಕೇಳಿಕೊಳ್ಳುತ್ತೇನೆ. ಹೆದರಿಕೆಯೇನಲ್ಲ. ಎಪ್ಪತ್ತು ದಾಟಿದವಳನ್ನು ಯಾರು ಏನು ಮಾಡುತ್ತಾರೆ. ಇಷ್ಟು ವರ್ಷ ವಾರಗಿತ್ತಿಯ ಮನೆಗೆ ನೀರು ನುಗ್ಗಿದಾಗಲೆಲ್ಲ ನಾನೇ ಮೊದಲು ಹೋಗಿ ಮೊರದಲ್ಲಿ ಕೆಸರು ಎತ್ತಿ ಹಾಕುತ್ತಿದ್ದೆ. ಬೀದಿಯವರು ಅದನ್ನು ದೊಡ್ಡ ಗುಣ ಎಂದು ಆಡಿಕೊಳ್ಳುತ್ತಿದ್ದರು. ಆ ಹೆಸರು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ಅಷ್ಟೇ ವಿಷಯ.

ನಾನಾಡಿದ ಆ ಒಂದು ಮಾತು ಕಂಪ್ಯೂಟರಿನೊಳಗೆ ಹೋಗಿ ಕೂತುಬಿಟ್ಟಿತು.

ಅಲ್ಲಿಂದ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಮೋಡ ಕಟ್ಟಿದರೆ ತಾರಸಿಗೆ ಹತ್ತುವುದು, ಇಳಿಯುವುದು. ಒಗೆಯುವ ಕಲ್ಲಿನ ಹತ್ತಿರ ಹೋಗಿ ಒಣಗಿದ ಬಟ್ಟೆಯನ್ನೇ ಮತ್ತೆ ನೆನೆಸುವುದು. ಸೊಸೆ, "ಅತ್ತೆ, ಆ ಟವೆಲ್ಲು ಬೆಳಗ್ಗೆ ತಾನೆ ಒಗ್ದಿದ್ರಿ" ಎಂದಳು. ಒಲೆಯ ಮೇಲೆ ಹಾಲಿಟ್ಟು ಬೀದಿಗೆ ಹೋಗಿ ಮುಗಿಲು ನೋಡುತ್ತಾ ನಿಂತು ಎರಡು ಸಲ ಹಾಲು ಉಕ್ಕಿಸಿದೆ. ಹಿತ್ತಲ ಗೋಡೆಯಾಚೆ ವಾರಗಿತ್ತಿ ಕೆಮ್ಮಿದರೆ ಗೋಡೆ ಬಿತ್ತೇನೋ ಎಂದು ಎದ್ದು ಕೂರುತ್ತಿದ್ದೆ.

ಮೊಮ್ಮಗಳದು ಬೇರೆ ಪರದಾಟ. ಲ್ಯಾಪ್‌ಟಾಪಿನಲ್ಲಿ ನಮ್ಮ ಬೀದಿ ಬಂದಿತ್ತು, ಮನೆಗಳೆಲ್ಲ ಬೂದು ಬಣ್ಣದ ಚೌಕ, ನೀರು ನೀಲಿ ಗೆರೆ. ಸುಳ್ಳು ಮಳೆ ಬಿದ್ದ ಕೂಡಲೇ ನೀಲಿ ಗೆರೆ ನಮ್ಮ ಸಂದಿಗೆ ನುಗ್ಗಿ, ಹಿತ್ತಲು ದಾಟಿ, ನೆಟ್ಟಗೆ ಹೊಳೆಗೆ ಹೋಗಿಬಿಡುತ್ತಿತ್ತು.

"ಮಾಡೆಲ್ ಪ್ರಕಾರ ಚಿಕ್ಕಜ್ಜಿ ಮನೆಗೆ ನೀರು ಬರೋಕೇ ಆಗಲ್ಲ ಅಜ್ಜಿ."

"ಬತ್ತದಲ್ಲ."

"ಅದೇ ಗೊತ್ತಾಗ್ತಿಲ್ಲ. ಎಲ್ಲೋ ಒಂದು ಅಳತೆ ತಪ್ಪಿದೆ. ನೀನು ಕೋಲು ಸರಿಯಾಗಿ ಹಿಡೀಲಿಲ್ಲ ಅನ್ಸುತ್ತೆ."

ಅದಕ್ಕೂ ನಾನು ಸುಮ್ಮನಿದ್ದೆ. ಮುಂದಿನ ಭಾನುವಾರ ಇಡೀ ಬೀದಿಯನ್ನು ಇನ್ನೊಂದು ಸಲ ಅಳೆದೆವು. ಕೋಲು ನೆಟ್ಟಗಿತ್ತು. ನೀಲಿ ಗೆರೆ ಮತ್ತೆ ನಮ್ಮ ಸಂದಿಗೇ ಬಂತು. ಕಾಲೇಜಿನ ಸಾರು ಇನ್ನು ಅಳೆದದ್ದು ಸಾಕು, ಇದನ್ನೇ ಬರೆದು ಕೊಡು ಎಂದರಂತೆ. ಹಾಗೆ ಬರೆದು ಕೊಟ್ಟರೆ ಕೆಳಗಿನ ಓಣಿಗೆ ಚರಂಡಿ ಬೇಕಾಗಿಲ್ಲ ಎಂದಾಗುತ್ತದೆ. ಅದು ನನಗೂ ಅರ್ಥವಾಯಿತು. ನಾಲ್ಕನೇ ಕ್ಲಾಸು ಸಾಕು ಅದಕ್ಕೆ.

ಭರಣಿ ಮಳೆ ಬಂದದ್ದು ಒಂದು ಮಧ್ಯಾಹ್ನ, ಊಟದ ಹೊತ್ತಿಗೆ. ಮೊದಲು ಗಾಳಿ, ಆಮೇಲೆ ಮುಕ್ಕಾಲು ಗಂಟೆ ಒಂದೇ ಸಮನೆ. ನಾನು ಜಗಲಿಯಲ್ಲಿ ನಿಂತು ನೋಡಿದೆ. ಬೀದಿಯ ನೀರು ನಮ್ಮ ಕಾಂಪೌಂಡಿನ ಬುಡಕ್ಕೆ ಬಂದು, ತೂಬಿನ ಮುಂದೆ ಒಂದು ಸುತ್ತು ಸುತ್ತಿ, ಒಳಗೆ ದಾರಿ ಇಲ್ಲ ಎಂದು ಗೊತ್ತಾಗಿ ಮುಂದೆ ಹೋಯಿತು. ಇಷ್ಟು ವರ್ಷ ಅದು ಹಾಗೆ ಸುತ್ತುವುದನ್ನು ನಾನು ನಿಂತು ನೋಡಿರಲಿಲ್ಲ.

ಮಳೆ ತೆಳುವಾದ ಮೇಲೆ ಸೀರೆ ಎತ್ತಿ ಕಟ್ಟಿ ಓಣಿಗೆ ಹೋದೆ. ವಾರಗಿತ್ತಿಯ ಮನೆಯೊಳಗೆ ಮಂಡಿ ನೀರು. ಅವಳು ಮಂಚದ ಮೇಲೆ ಕಾಲು ಮಡಚಿ ಕೂತಿದ್ದಳು, ಮಡಿಲಲ್ಲಿ ಅಕ್ಕಿ ಡಬ್ಬ. ಮಂಚದ ಕೆಳಗೆ ಚೊಂಬು ತೇಲುತ್ತಿತ್ತು.

"ಬಾ ಅಕ್ಕ. ಕಾಲ್ ತೊಳ್ಕೊಂಡೇ ಒಳೀಕ್ ಬಂದಂಗಾಯ್ತು" ಎಂದಳು.

ಅವಳ ಬೆನ್ನ ಹಿಂದಿನ ಗೋಡೆಯ ಬುಡದಿಂದ ಮಣ್ಣು ಹೆಂಟೆಹೆಂಟೆಯಾಗಿ ಕಳಚಿ ನೀರಿಗೆ ಬೀಳುತ್ತಿತ್ತು. ಬಿದ್ದದ್ದು ಬೆಲ್ಲದ ಹಾಗೆ ಕರಗುತ್ತಿತ್ತು. ಗೋಡೆಯ ಹೊಟ್ಟೆ ಅವಳ ತಲೆಯ ಮೇಲೇ ಇತ್ತು.

"ಏಳೇ ಮೇಲಕ್ಕೆ. ನಮ್ಮನೆಗೆ ನಡಿ."

"ನಡೀತೀನಿ. ಮೊದ್ಲು ನೀರು ಓಗ್ಲಿ, ಚೊಂಬು ಉಡುಕ್ಬೇಕು."

ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ದಾರಿಯುದ್ದಕ್ಕೂ ಬೈದಳು. ನಮ್ಮ ಮನೆಯಲ್ಲಿ ಕೂತು ಕಾಫಿ ಕುಡಿಯುತ್ತಾ, "ನಿಮ್ಮನೆ ಮಾತ್ರ ಒಣಗಿ ಒಣಗಿ ಐತಲ್ಲ ಅಕ್ಕ, ಪುಣ್ಯ ಮಾಡಿದ್ದೆ ಕಣೆ" ಎಂದಳು. ಕುಹಕ ಇರಲಿಲ್ಲ. ಕುಹಕ ಇದ್ದಿದ್ದರೆ ನಾನೂ ಒಂದು ಮಾತು ಆಡಿ ಹಗುರವಾಗುತ್ತಿದ್ದೆ.

ಮಾರನೆಯ ಬೆಳಗ್ಗೆ ಎಂಟೂವರೆಗೆ ತಾರಸಿ ಹತ್ತಿದೆ. ಕೊಳವೆಯಲ್ಲಿ ನಲವತ್ತೆರಡು. ಬರೆದೆ. ಷರಾ ಕಾಲಮ್ಮಿಗೆ ಬಂದು ಪೆನ್ನು ನಿಂತಿತು. ಬಾಯಲ್ಲಿ ಹೇಳಬೇಕು ಎಂದರೆ ಎದುರಿಗೆ ಮುಖ ಇರುತ್ತದೆ. ಆ ಕಾಲಮ್ಮಿಗೆ ಮುಖ ಇರಲಿಲ್ಲ. ಏನು ಕಂಡರೂ ಬರಿ ಎಂದಿದ್ದಳಲ್ಲ. ಬರೆದೆ:

"ಭರಣಿ ಮಳೆ. ಚಿಕ್ಕಜ್ಜಿ ಮನೆಗೆ ಮಂಡಿ ನೀರು. ಗೋಡೆ ಬುಡ ಕರಗಿದೆ. ಬೀದಿ ತೂಬಿಗೆ ನೀರು ಹೋಗುವುದಿಲ್ಲ. ಒಗೆಯುವ ಕಲ್ಲಿನ ಕೆಳಗೆ ಗುಂಡುಕಲ್ಲು ಇದೆ. ಇಟ್ಟವಳು ನಾನು."

ಕಾಲಮ್ಮಿನಲ್ಲಿ ಹಿಡಿಸದೆ ಅಕ್ಷರ ಮಾರನೆಯ ದಿನದ ಜಾಗಕ್ಕೂ ಇಳಿದಿತ್ತು. ನೋಟ್‌ಬುಕ್ಕನ್ನು ಅವಳ ಲ್ಯಾಪ್‌ಟಾಪಿನ ಮೇಲೆ ಇಟ್ಟು, ಇಡೀ ದಿನ ಮನೆಯಲ್ಲಿ ಅಲ್ಲಿಂದಿಲ್ಲಿಗೆ ಓಡಾಡಿದೆ. ಅವಳು ಸಂಜೆಯ ರೈಲಿಗೆ ಬಂದಳು. ಬ್ಯಾಗು ಇಳಿಸದೆ ನಿಂತೇ ಓದಿದಳು. ಎರಡು ಸಲ ಓದಿದಳು.

"ಎರಡು ತಿಂಗಳು ಅಜ್ಜಿ!" ಎಂದಳು. "ಎರಡು ತಿಂಗಳು ನಾನು ಬಿಸಿಲಲ್ಲಿ ಅಳೀತಾ ಇದ್ದೀನಿ. ಕೋಲು ಹಿಡ್ಕೊಂಡು ನಿಂತಿದ್ದೋಳು ನೀನೇ. ಸರಿಯಾಗಿ ಹಿಡೀಲಿಲ್ಲ ಅಂದ್ರೂ ಬೈಸ್ಕೊಂಡೆ. ಬಾಯ್ ಬಿಡ್ಲಿಲ್ಲ!"

"ಈಗ್ ಬಿಟ್ಟಿದ್ದೀನಲ್ಲ."

"ಬಾಯ್ ಎಲ್ ಬಿಟ್ಟೆ? ಬರ್ದಿದ್ದೀಯ."

ಅವಳು ಕೂತು ಲ್ಯಾಪ್‌ಟಾಪು ತೆರೆದು ಒಂದೇ ಒಂದು ಕಡೆ ಬದಲಾಯಿಸಿದಳು. ತೂಬು ಮುಚ್ಚಿದೆ ಎಂದು. ನಿನ್ನೆಯ ನಲವತ್ತೆರಡನ್ನು ಸುರಿಸಿದಳು. ನೀಲಿ ಗೆರೆ ನಮ್ಮ ಮನೆಯ ಮುಂದೆ ನಿಂತು, ಮುಂದಕ್ಕೆ ಹರಿದು, ತಿರುವು ಸುತ್ತಿ, ಕೆಳಗಿನ ಓಣಿಯಲ್ಲಿ ವಾರಗಿತ್ತಿಯ ಚೌಕದ ಹತ್ತಿರ ದಪ್ಪಗಾಗಿ ಊದಿಕೊಂಡಿತು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಮೊಮ್ಮಗಳಿಗೆ ಮುಖದಲ್ಲಿ ಖುಷಿ ತಡೆಯಲಾಗುತ್ತಿಲ್ಲ, ನನ್ನ ಮೇಲಿನ ಸಿಟ್ಟೂ ಇಳಿದಿಲ್ಲ.

"ಚಿಕ್ಕಜ್ಜಿಗೆ ನೀನೇ ಹೇಳ್ಬೇಕು. ಬರ್ದು ಕೊಡೋಕೆ ಅವ್ರಿಗೆ ಓದೋಕ್ ಬರಲ್ಲ" ಎಂದಳು.

ಹೋದೆ. ವಾರಗಿತ್ತಿ ಬೆಳಗ್ಗೆಯೇ ತನ್ನ ಮನೆಗೆ ವಾಪಸು ಹೋಗಿ ಕೆಸರು ಬಳಿಯುತ್ತಿದ್ದಳು. ಬಾಗಿಲಲ್ಲಿ ನಿಂತೇ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. ಅವಳು ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಗುಂಡು ಕಳುವಾಯ್ತು ಅಂದಿದ್ದೆ."

"ಅಂದಿದ್ದೆ."

"ಆವತ್ತು ನಾನು ಅಮ್ಮನ್ ಗುಡೀಲಿ ಕದ್ದೋರ ಕೈ ಸೇದೋಗ್ಲಿ ಅಂತ ಅರಕೆ ಕಟ್ಕೊಂಡಿದ್ದೆ ಕಣೆ ಅಕ್ಕ."

"ಅದ್ಕೇ ಇರ್ಬೇಕು, ಈ ಎಡಗೈ ಎತ್ತಾಕಾಗಕಿಲ್ಲ."

ಅವಳು ನಗಲಿಲ್ಲ. ಮತ್ತೆ ಮೊರ ತೆಗೆದುಕೊಂಡು ಬಳಿಯತೊಡಗಿದಳು. "ತಗ್ಸು" ಎಂದಳು. ಇಷ್ಟಕ್ಕೆ ಬಿಟ್ಟಳಲ್ಲ ಎಂದು ನನಗೆ ಸಮಾಧಾನವಾಗುವುದರ ಬದಲು ಇನ್ನೇನೋ ಇದೆ ಎನ್ನಿಸಿತು. ಇವಳು ಒಂದು ಮಾತಿಗೆ ಬಿಡುವವಳಲ್ಲ.

ಭಾನುವಾರ ಮಗ ಅಂಗಡಿಗೆ ಬಾಗಿಲು ಹಾಕಿ ಹಾರೆ ಹಿಡಿದ. ಒಗೆಯುವ ಕಲ್ಲು ಎದ್ದಿತು, ಸಿಮೆಂಟು ಒಡೆಯಿತು. ಗೋಣಿಚೀಲ ಪುಡಿಪುಡಿಯಾಗಿತ್ತು. ಗುಂಡುಕಲ್ಲು ಮಾತ್ರ ಇಟ್ಟ ದಿನದ ಹಾಗೇ ನುಣ್ಣಗೆ ಹೊರಬಂತು. ಮಗ ಅದನ್ನು ಜಗಲಿಯ ಮೇಲಿಟ್ಟು ನನ್ನ ಮುಖ ನೋಡಿದ.

ತೂಬು ತೆರೆದರೆ ಸಾಲದು, ಕಾಲುವೆಯಲ್ಲಿ ನೀರು ಎಷ್ಟು ಹೊತ್ತಿಗೆ ಆಚೆಗೆ ಬರುತ್ತದೆ ನೋಡಬೇಕು ಎಂದಳು ಮೊಮ್ಮಗಳು. ಬಣ್ಣ ಹಾಕಿ ನೋಡುತ್ತಾರಂತೆ, ಆ ಬಣ್ಣ ಕಾಲೇಜಿನಲ್ಲಿ ಇಲ್ಲವಂತೆ. ನಾನು ಒಳಗೆ ಹೋಗಿ ಅರಿಶಿನದ ಡಬ್ಬ, ಸುಣ್ಣದ ಡಬ್ಬ ತಂದೆ. ಆರತಿಗೆ ಮಾಡುವ ಓಕುಳಿಯನ್ನೇ ಹಂಡೆ ತುಂಬ ಕಲಸಿದೆ. ಕಡುಗೆಂಪಾಯಿತು. ಮೊಮ್ಮಗಳು ಕಣ್ಣರಳಿಸಿದಳು. "ನೀನು ಆ ಕಡೆ ತೂಬು ನೋಡ್ತಾ ನಿಂತ್ಕೋ, ಕೆಂಪು ನೀರು ಬಂದ ತಕ್ಷಣ ಕೂಗು" ಎಂದು ವಾರಗಿತ್ತಿಗೆ ಗೋಡೆಯ ಮೇಲಿಂದ ಹೇಳಿದೆವು. ಮೊಮ್ಮಗಳು ಮೊಬೈಲಿನಲ್ಲಿ ಹೊತ್ತು ಹಿಡಿದಳು. ನಾನು ಸುರಿದೆ.

ಒಂದು ಬಿಂದಿಗೆ, ಎರಡು, ನಾಲ್ಕು. ಸಂದಿಯ ಕಾಲುವೆ ಕೆಂಪಾಗಿ ಹಿತ್ತಲಿಗೆ ಹೋಯಿತು. ಅಲ್ಲಿ ನಿಂತಿತು.

"ಬಂತಾ?" ಎಂದು ಕೂಗಿದೆ.

ಇನ್ನೊಂದು ಬಿಂದಿಗೆ ಸುರಿದೆ.

ಹಂಡೆ ಬರಿದಾಯಿತು. ಕೊಳಾಯಿ ನೀರನ್ನೂ ಸುರಿದೆವು. ಹಿತ್ತಲಲ್ಲಿ ಓಕುಳಿ ಚಪ್ಪಡಿಯ ಮೇಲೆ ಹತ್ತಿ ನಮ್ಮ ಪಾದಕ್ಕೆ ಬಂತು.

"ಬಂತೇನೇ? ಕಿವಿ ಕೇಳ್ತದಾ?"

ಗೋಡೆಯಾಚೆಯಿಂದ ನಿಧಾನವಾಗಿ ಮಾತು ಬಂತು. "ಬರಕಿಲ್ಲ ಅಕ್ಕ. ನೀನು ಇಡೀ ಒಳೆ ತಂದ್ ಸುರುದ್ರೂ ಬರಕಿಲ್ಲ."

ಸುತ್ತಿಕೊಂಡು ಹೋಗಿ ಅವಳ ಹಿತ್ತಲಲ್ಲಿ ನಿಂತೆವು. ಅವಳು ತುಳಸಿಕಟ್ಟೆಯ ಪಕ್ಕದಲ್ಲಿ ಸೆರಗು ಹೊದ್ದು ನಿಂತಿದ್ದಳು. ಆ ಕಟ್ಟೆ ಗೋಡೆಗೆ ಅಂಟಿಕೊಂಡೇ ಇತ್ತು. ಎಷ್ಟೋ ಸಲ ನೋಡಿದ್ದೆ, ಗೋಡೆಗೆ ಅಂಟಿಸಿ ಯಾರಾದರೂ ತುಳಸಿಕಟ್ಟೆ ಕಟ್ಟುತ್ತಾರಾ, ಸುತ್ತು ಬರುವುದು ಹೇಗೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

"ನಿಮ್ ಕೊಚ್ಚೆ ನಮ್ಮಿತ್ಲಿಗ್ ಬತ್ತದೆ ಅಂತ ನಮ್ಮನೇವ್ರು ಕಾಲ್ವೆಗೆ ಇಟ್ಟಿಗೆ ಚೂರು ತುಂಬುಸ್ಬುಟ್ರು. ಬರೀ ಮುಚ್ಚುದ್ರೆ ಅಣ್ಣ ಬಂದು ಕೀಳುಸ್ತಾನೆ, ದ್ಯಾವರ ಕಟ್ಟೆ ಕಟ್ಟುದ್ರೆ ಯಾರೂ ಮುಟ್ಟಕಿಲ್ಲ ಅಂದ್ರು."

ನನ್ನ ತಲೆಗೆ ರಕ್ತ ಏರಿತು. "ಅಂಗಾರೆ ನಮ್ಮ ಬಚ್ಚಲಿಗೆ ಆವು ಬಂದಿದ್ದು ನಿಮ್ಮಿಂದ! ಮೂರ್ ಮಳೆಗಾಲ ತೆಗುಸ್ತೀನಿ ಅತ್ತಿಗೆ, ತೆಗುಸ್ತೀನಿ ಅತ್ತಿಗೆ ಅಂದ್ನಲ್ಲ ನಿನ್ ಗಂಡ!"

"ನೀನೇನ್ ಕಮ್ಮಿನಾ? ಗುಂಡು ಇಟ್ಟು ನನ್ನ ಬಾಗ್ಲಿಗೆ ತಿರುಗ್ಸಿದ್ಯಲ್ಲ! ಬಂದು ಬಂದು ಕೆಸರು ಬಾಚಿ ಒಳ್ಳೇಳು ಅನ್ನುಸ್ಕೊಂಡ್ಯಲ್ಲ!"

"ನೀವ್ ಮೊದ್ಲು ಮುಚ್ಚಿದ್ದು!"

"ಮೇಲ್ನೋರು ಮೊದ್ಲು ಕೊಚ್ಚೆ ಬಿಟ್ಟಿದ್ದು!"

ಮೊಮ್ಮಗಳು ನಡುವೆ ಬಂದಳು. "ಯಾರು ಮೊದ್ಲು ಅನ್ನೋದು ಮಾಡೆಲ್‌ಗೆ ಬೇಡ. ಕಟ್ಟೆ ಕಿತ್ತು ಈ ಕಡೆ ಇಡಬಹುದಾ, ಅದ್ನ ಹೇಳಿ ಚಿಕ್ಕಜ್ಜಿ."

ವಾರಗಿತ್ತಿ ಕಟ್ಟೆ ನೋಡಿದಳು, ಆಮೇಲೆ ಓಣಿ ಕಡೆಯ ಗೋಡೆಯ ಹೊಟ್ಟೆ ನೋಡಿದಳು. ಗಂಡ ಕೈಯಾರೆ ಕಟ್ಟಿದ ಕಟ್ಟೆ. ದಿನಾ ದೀಪ ಇಟ್ಟಿದ್ದಾಳೆ. ನಾನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವಳು ಹಟಕ್ಕೆ ಬೀಳುತ್ತಿದ್ದಳು.

"ಇವತ್ತು ಭಾನುವಾರ, ಗಿಡ ಮುಟ್ಟಂಗಿಲ್ಲ" ಎಂದಳು ಕೊನೆಗೆ. "ಬುಧವಾರ ನಾನೇ ಕೀಳ್ತೀನಿ. ಬ್ಯಾರೇರು ಮುಟ್ಬ್ಯಾಡಿ."

ಬುಧವಾರದವರೆಗೆ ಮೂರು ದಿನ. ಮೂರು ದಿನವೂ ಮಧ್ಯಾಹ್ನವಾದರೆ ಮೋಡ. ತೂಬು ಬೇರೆ ತೆರೆದಿದೆ. ಮಳೆ ಬಂದರೆ ಈ ಸಲ ನೀರು ನಮ್ಮ ಅಡುಗೆಮನೆಗೆ. ಸೊಸೆ ಬೇಳೆ ಡಬ್ಬಗಳನ್ನೆಲ್ಲ ಅಟ್ಟಕ್ಕೆ ಏರಿಸಿದಳು. ಗುಂಡುಕಲ್ಲು ಜಗಲಿಯ ಮೇಲೇ ಇತ್ತು. ಮತ್ತೆ ಅದನ್ನು ತೂಬಿಗೆ ಇಟ್ಟುಬಿಡೋಣವೇ ಎಂದು ಕೈ ತುರಿಸಿದ್ದು ಸುಳ್ಳಲ್ಲ. ಮಂಗಳವಾರ ಒಂದು ಸಲ ಎತ್ತಿಯೂ ಎತ್ತಿದೆ. ಭಾರವಾಗಿತ್ತು, ಇಟ್ಟುಬಿಟ್ಟೆ. ಆ ಮೂರು ದಿನವೂ ನೋಟ್‌ಬುಕ್ಕಿನಲ್ಲಿ ಸೊನ್ನೆ.

ಬುಧವಾರ ಅವಳು ಗಿಡ ಕಿತ್ತು ಬಕೆಟ್ಟಿಗೆ ಇಟ್ಟಳು. ಕಟ್ಟೆಯನ್ನು ಮಗ ಒಡೆದ. ಕೆಳಗೆ ಇಟ್ಟಿಗೆ ಚೂರು, ತೆಂಗಿನ ಮಟ್ಟೆ, ಕರಿ ಹೂಳು. ಎರಡು ದಿನ ತೆಗೆದರೂ ಮುಗಿಯಲಿಲ್ಲ. ಮೊಮ್ಮಗಳು ನಮ್ಮ ಅಂಗಳದ ಸಿಮೆಂಟನ್ನೂ ಒಂದು ಪಟ್ಟಿಯಷ್ಟು ಒಡೆಸಿ ಜಲ್ಲಿ ಹಾಕಿಸಿದಳು. ಬಿದ್ದದ್ದೆಲ್ಲ ಕಾಲುವೆಗೇ ಹೋದರೆ ಕಾಲುವೆ ತಡೆಯುವುದಿಲ್ಲ, ನೆಲವೂ ಕುಡಿಯಬೇಕು ಎಂದಳು. ಮೊದಲು ಮಣ್ಣಿನ ಅಂಗಳವಿದ್ದಾಗ ಅದು ತಾನೇ ಕುಡಿಯುತ್ತಿತ್ತು. ಸಾರಿಸುವುದು ತಪ್ಪಲಿ ಎಂದು ಸಿಮೆಂಟು ಹಾಕಿಸಿದವಳೂ ನಾನೇ. ಎರಡು ತೂಬಿಗೂ ಕಸ ತಡೆಯಲು ಕಬ್ಬಿಣದ ಜಾಲರಿ ಕೂತಿತು. ವಾರಗಿತ್ತಿಯ ಗೋಡೆಗೆ ಎರಡು ನೀಲಗಿರಿ ಬೊಂಬು ಆನಿಸಿದರು. ಮಂಚ ಸೆಕೆಯ ಕಡೆಗೆ ಹೋಯಿತು. ಎಂಜಿನಿಯರ್ ಸಾರು ಬಂದು ನೋಡಿ, ನಕ್ಷೆ ಇಟ್ಟುಕೊಂಡು ಹೋದರು. ಓಣಿಗೆ ಚರಂಡಿ ಆಗುತ್ತದೆ ಅಂದರು. ಯಾವಾಗ ಎಂದು ನಾನು ಕೇಳಲಿಲ್ಲ.

ರೋಹಿಣಿ ಮಳೆ ಹಗಲಲ್ಲೇ ಬಂತು. ಮೊಮ್ಮಗಳು ಹಾಸನದಲ್ಲಿದ್ದಳು, ಮಗ ಅಂಗಡಿಯಲ್ಲಿ. ನಾನು ಕೊಡೆ ಹಿಡಿದು ಒಂದು ಕೋಲು ತೆಗೆದುಕೊಂಡು ಬೀದಿ ತೂಬಿನ ಹತ್ತಿರ ನಿಂತೆ. ಜಾಲರಿಗೆ ಪ್ಲಾಸ್ಟಿಕ್ ಕವರುಗಳು ಅಂಟಿಕೊಳ್ಳುತ್ತಿದ್ದವು, ಕೋಲಿನಿಂದ ಎಳೆದೆಳೆದು ಹಾಕಿದೆ. ನೀರು ಬಂದು ಒಂದು ಸುತ್ತು ಸುತ್ತಿತು. ಆಮೇಲೆ ಒಳಗೆ ನುಗ್ಗಿತು. ಎಷ್ಟೋ ವರ್ಷದ ಕೊಚ್ಚೆಯ ವಾಸನೆ ಸಂದಿಯಲ್ಲಿ ಎದ್ದಿತು.

ಸಂದಿಯಲ್ಲೇ ಹಿತ್ತಲಿಗೆ ಓಡಿದೆ.

"ಬಿಟ್ಯಾ ಅಕ್ಕಾ?" ಗೋಡೆಯಾಚೆಯಿಂದ ಕೂಗು.

"ಬಿಟ್ಟೆ! ಬಂತಾ?"

"ಬತ್ತಾ ಐತೆ! ಏನ್ ರಭಸ! ಒಂದ್ ಚಪ್ಲೀನೂ ಬಂತು!"

"ಜಾಲ್ರಿ ದಾಟಿ ಯಂಗ್ ಬಂತೇ? ನಿಮ್ಮನೇದೇ ಇರ್ಬೇಕು ನೋಡು!"

"ನಮ್ಮನೇದಲ್ಲ! ನಿಮ್ದೇ ಕೊಚ್ಚೆ!"

"ಬಾಗ್ಲಲ್ಲಿ ಎಷ್ಟೈತೆ ನೋಡ್ ಓಗು!"

ಅವಳು ಹೋಗಿ ಬರುವಷ್ಟು ಹೊತ್ತು ನಾನು ಕಾಲುವೆ ನೋಡುತ್ತಾ ನಿಂತೆ. ಚಪ್ಪಡಿಯ ಸಂದಿನಲ್ಲಿ ನೀರು ಅಂಚಿನವರೆಗೆ ಏರಿತ್ತು. ಇನ್ನು ನಾಲ್ಕು ಬೆರಳು ಏರಿದರೆ ನಮ್ಮ ಬಚ್ಚಲು. ಕೊಡೆ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ, ಪೂರ್ತಿ ನೆನೆದಿದ್ದೆ.

"ಒಸ್ಲಿಗ್ ಬಂದು ನಿಂತದೆ!" ಎಂದು ಕೂಗಿದಳು. "ಒಳೀಕ್ ಬಂದಿಲ್ಲ!"

"ಗ್ವಾಡೆ?"

"ಅಂಗೇ ಐತೆ!"

ಮಾರನೆಯ ದಿನ ಕೊಳವೆಯಲ್ಲಿ ಮೂವತ್ತೊಂಬತ್ತು. ಬರೆದೆ. ಷರಾದಲ್ಲಿ, "ರೋಹಿಣಿ. ಅವಳ ಹೊಸ್ತಿಲು ದಾಟಲಿಲ್ಲ. ನಮ್ಮ ಬಚ್ಚಲಿಗೆ ನಾಲ್ಕು ಬೆರಳು ಕಮ್ಮಿ" ಎಂದು ಬರೆದೆ. ಕೆಳಗಿಳಿಯುವಷ್ಟರಲ್ಲಿ ಹೊಳೆಯ ಕಡೆ ಮತ್ತೆ ಕಪ್ಪಾಗಿತ್ತು. ಜಗಲಿಯ ಮೇಲೆ ಗುಂಡುಕಲ್ಲು ಇರಲಿಲ್ಲ. ವಾರಗಿತ್ತಿ ಬಂದು ಎತ್ತಿಕೊಂಡು ಹೋದಳು, ಒರಳು ತೊಳೆದಿಟ್ಟಿದ್ದಾಳೆ, ಚಟ್ನಿಗೆ ಬರಬೇಕಂತೆ ಎಂದಳು ಸೊಸೆ. ಆಮೇಲೆ ಬರುತ್ತೇನೆ ಎಂದು ಹೇಳು ಎಂದೆ. ಕೋಲು ತೆಗೆದುಕೊಂಡು ತೂಬಿನ ಕಡೆಗೆ ಹೋದೆ. ಜಾಲರಿಗೆ ಆಗಲೇ ಎರಡು ಕವರು ಅಂಟಿತ್ತು.